ಬ್ರೆಡ್ಡಿನ ಹಿಟ್ಟಿನಲ್ಲಿ ಎಂಟು ಮೂಲೆಯ ಬಾಗಿಲು

ಸಂಜೆ ಏಳರ ಹೊತ್ತಿಗೆ ಬೇಕರಿಯ ಮುಂದುಗಡೆ ಖಾರಾ ಬನ್ನು, ಬೆಣ್ಣೆ ಬಿಸ್ಕತ್ತಿನ ವ್ಯಾಪಾರ ಜೋರಾಗಿರುತ್ತದೆ. ಹಿಂದಿನ ಕೋಣೆಯಲ್ಲಿ ಮಾತ್ರ ಆಗಲೇ ನಾಳಿನ ಕೆಲಸ. ಮೂಟೆ ಬಿಚ್ಚಿ ಸುರಿದ ಮೈದಾ, ಅದಕ್ಕೆ ತಕ್ಕ ಉಪ್ಪು, ಸಕ್ಕರೆ, ನೀರು. ಜೊತೆಗೆ ಪೊಟ್ಟಣ ಒಡೆದು ಹಾಕುವ ಯೀಸ್ಟ್, ರಾಗಿಕಾಳಿಗಿಂತ ಸಣ್ಣಗಿನ ಕಂದು ಹರಳು. ಕಲಸಿ, ನಾದಿ, ಒದ್ದೆ ಬಟ್ಟೆ ಮುಚ್ಚಿಟ್ಟರೆ ಹಿಟ್ಟು ತಾನಾಗಿಯೇ ಉಬ್ಬುತ್ತದೆ. ಹಾಸನದಿಂದ ಕಟ್ಟಾಯದ ಕಡೆಗೆ ಹೋಗಲಿ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಯಾವ ದಿಕ್ಕು ಹಿಡಿಯಲಿ, ಬಸ್‌ ಸ್ಟ್ಯಾಂಡಿನ ಎದುರಿಗೊಂದು ಬೇಕರಿ, ಅದರ ಹಿಂದೊಂದು ಇಂಥ ಕೋಣೆ ಇದ್ದೇ ಇರುತ್ತದೆ.

ಈ ಸೀಮೆಗೆ ಯೀಸ್ಟು ಹೊಸದೇನಲ್ಲ. ಕರ್ನಾಟಕದ ಊರೂರಿನಲ್ಲಿ ಕಾಣುವ 'ಅಯ್ಯಂಗಾರ್ ಬೇಕರಿ' ಬೋರ್ಡಿನ ಬೇರು ಇರುವುದು ಹಾಸನ ಜಿಲ್ಲೆಯಲ್ಲಿ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಎಚ್.ಎಸ್. ತಿರುಮಲಾಚಾರ್ ಅವರು ತೆರೆದ ಬಿ.ಬಿ. ಬೇಕರಿ ಈ ಸಾಲಿನ ಮೊದಲನೆಯದು. ಮೊಟ್ಟೆ ಮುಟ್ಟದ ಮನೆತನಗಳು ಮೊಟ್ಟೆಯಿಲ್ಲದ ಬ್ರೆಡ್ಡಿಗೆ ಹೆಸರಾದವು. ಹಿಟ್ಟು ಉಬ್ಬಿಸುವ ಭಾರವನ್ನೆಲ್ಲ ಯೀಸ್ಟೇ ಹೊತ್ತಿತು.

ಆ ಯೀಸ್ಟಿನ ಒಂದೊಂದು ಕೋಶವೂ ಒಂದೊಂದು ಜೀವ. ಒತ್ತಿ ಅಚ್ಚು ಮಾಡಿದ ಹಸಿ ಯೀಸ್ಟಿನ ಒಂದೇ ಗ್ರಾಮಿನಲ್ಲಿ ಸುಮಾರು ಸಾವಿರ ಕೋಟಿ ಕೋಶಗಳಿರುತ್ತವೆ. ಇನ್ನೂರು ಕೋಶಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿದರೆ ಒಂದು ಮಿಲಿಮೀಟರ್ ಆದೀತು. ಅಷ್ಟು ಸಣ್ಣ ಜೀವದ ಒಳಗೆ, ಅದರ ಅಗಲದ ಅರ್ಧಕ್ಕಿಂತಲೂ ಕಡಿಮೆ ಅಗಲದ ಇನ್ನೊಂದು ಗೋಲಿ ಇದೆ. ಅದು ಕೋಶಕೇಂದ್ರ. ಹದಿನಾರು ವರ್ಣತಂತುಗಳು, ಸುಮಾರು ಆರು ಸಾವಿರ ಜೀನ್‌ಗಳು ಅಲ್ಲಿ ಭದ್ರವಾಗಿ ಕೂತಿವೆ. ಬ್ಯಾಕ್ಟೀರಿಯಾಕ್ಕೆ ಈ ಒಳಕೋಣೆ ಇಲ್ಲ. ಹಾಲಿಗೆ ಹೆಪ್ಪು ಹಾಕುವಾಗ ಬೀಳುವ ಜೀವಿಗಳ ಡಿಎನ್‌ಎ ಎಲ್ಲವೂ ನಡುಮನೆಯಲ್ಲೇ ಹರಡಿಕೊಂಡಿರುತ್ತದೆ. ಯೀಸ್ಟಿಗೆ ಇದೆ, ಮನುಷ್ಯನಿಗೂ ಇದೆ. ಬೇಕರಿಯ ಹಿಟ್ಟನ್ನು ವಿಜ್ಞಾನಿಗಳು ಐದು ದಶಕಗಳಿಂದ ಬಿಡದೆ ಇಣುಕಿ ನೋಡುತ್ತಿರುವುದಕ್ಕೆ ಇದೇ ಮುಖ್ಯ ಕಾರಣ.

ಒಳಕೋಣೆ ಇದ್ದ ಮೇಲೆ ಒಂದು ಫಜೀತಿಯೂ ಇದೆ. ಡಿಎನ್‌ಎ ಒಳಗೆ, ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗಳು ಕೆಲಸ ಮಾಡುವುದು ಹೊರಗೆ, ಕೋಶರಸದಲ್ಲಿ. ಡಿಎನ್‌ಎಯನ್ನು ಸುತ್ತಿಡುವ ಹಿಸ್ಟೋನ್, ಅದರ ನಕಲು ತೆಗೆಯುವ ಯಂತ್ರ, ಯಾವ ಜೀನ್ ಯಾವಾಗ ಮಾತಾಡಬೇಕೆಂದು ಹೇಳುವ ನಿಯಂತ್ರಕಗಳು, ಇವೆಲ್ಲವೂ ಪ್ರೋಟೀನ್‌ಗಳೇ. ಹುಟ್ಟುವುದು ಹೊರಗೆ, ದುಡಿಯಬೇಕಾದದ್ದು ಒಳಗೆ. ಹಾಗೆಂದು ಹೊರಗಿನವರನ್ನೆಲ್ಲ ಒಳಗೆ ಬಿಟ್ಟುಕೊಂಡರೆ ಕೋಣೆ ಕಟ್ಟಿದ್ದಕ್ಕೆ ಅರ್ಥವಿಲ್ಲ.

ಹಾಸನದವರಿಗೆ ಈ ಪರಿಸ್ಥಿತಿ ಬಿಡಿಸಿ ಹೇಳಬೇಕಿಲ್ಲ. ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ಮಾತ್ರ ಬಾಗಿಲು ತೆರೆಯುವ ಹಾಸನಾಂಬೆಯ ಗುಡಿ ಮುಂದೆ ಧರ್ಮದರ್ಶನದ ಸಾಲು ಬೇರೆ, ಟಿಕೆಟ್ಟಿನ ಸಾಲು ಬೇರೆ, ಪಾಸಿನವರ ಸಾಲು ಬೇರೆ. ಕೈಯಲ್ಲಿ ಚೀಟಿ ಇದ್ದವನು ಬೇಗ ಒಳಗೆ ಹೋಗುತ್ತಾನೆ. ಸಂದಿಯಲ್ಲಿ ನುಸುಳುವ ಚಿಕ್ಕ ಮಕ್ಕಳನ್ನು ಯಾರೂ ತಡೆಯುವುದಿಲ್ಲ. ಯೀಸ್ಟಿನ ಕೋಶಕೇಂದ್ರದ ಬಾಗಿಲಲ್ಲೂ ಹೆಚ್ಚುಕಡಿಮೆ ಇದೇ ನಡೆಯುತ್ತದೆ. ಅಣುಗಳ ತೂಕದ ಅಳತೆಯಲ್ಲಿ ಸುಮಾರು ನಲವತ್ತು ಸಾವಿರ ಡಾಲ್ಟನ್‌ಗಿಂತ ಸಣ್ಣ ಅಣುಗಳು ಯಾರನ್ನೂ ಕೇಳದೆ ನುಸುಳಿಬಿಡುತ್ತವೆ. ಅದಕ್ಕಿಂತ ದೊಡ್ಡವಕ್ಕೆ ಚೀಟಿ ಬೇಕು. ಒಂದು ದೊಡ್ಡ ವ್ಯತ್ಯಾಸವೂ ಇದೆ: ಇಲ್ಲಿಯ ಬಾಗಿಲು ವರ್ಷವಿಡೀ ತೆರೆದಿರುತ್ತದೆ, ರಾತ್ರಿ ಹಗಲೆನ್ನದೆ.

ಬಾಗಿಲಿನ ಆಕಾರವನ್ನು ನೋಡಬೇಕೆಂದರೆ ಸಕಲೇಶಪುರದ ಕಡೆ ಹೊರಡುವುದು ಒಳ್ಳೆಯದು. ಟಿಪ್ಪು ಸುಲ್ತಾನ 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆಯನ್ನು ಮೇಲಿಂದ ತೆಗೆದ ಫೋಟೋ ಈಗ ಎಲ್ಲರ ಮೊಬೈಲಿನಲ್ಲೂ ಇದೆ: ಎಂಟು ಮೂಲೆಯ ನಕ್ಷತ್ರ, ನಡುವೆ ಬಯಲು. ಕೋಶಕೇಂದ್ರದ ಪೊರೆಯಲ್ಲಿರುವ ರಂಧ್ರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮೇಲಿಂದ ನೋಡಿದರೆ ಕಾಣುವುದೂ ಎಂಟು ಪಾಲಿನ ಉಂಗುರ. ಅಮೆರಿಕದ ಜೋಸೆಫ್ ಗಾಲ್ 1967ರಲ್ಲೇ ಈ ಎಂಟರ ಲೆಕ್ಕವನ್ನು ಸ್ಪಷ್ಟವಾಗಿ ತೋರಿಸಿದ್ದರು. ಯೀಸ್ಟಿನಲ್ಲೂ ಅಷ್ಟೇ, ಮನುಷ್ಯನಲ್ಲೂ ಅಷ್ಟೇ, ಕಪ್ಪೆಯಲ್ಲೂ ಅಷ್ಟೇ, ಎಂಟು. ಒಂದು ಯೀಸ್ಟ್ ಕೋಶಕೇಂದ್ರದ ಮೇಲೆ ಇಂಥ ನೂರರಿಂದ ಇನ್ನೂರು ಕೋಟೆಬಾಗಿಲುಗಳಿರುತ್ತವೆ.

ಒಂದೊಂದು ಬಾಗಿಲೂ ದೈತ್ಯ ಕಟ್ಟಡ. 2018ರಲ್ಲಿ ಅಮೆರಿಕದ ವಿಜ್ಞಾನಿಗಳ ತಂಡವೊಂದು ಯೀಸ್ಟಿನ ರಂಧ್ರದ ವಿವರವಾದ ನಕ್ಷೆ ಪ್ರಕಟಿಸಿತು. ಅದರ ಪ್ರಕಾರ ಒಂದು ರಂಧ್ರದಲ್ಲಿ 552 ಪ್ರೋಟೀನ್ ಕಲ್ಲುಗಳಿವೆ. ಆದರೆ ಕಲ್ಲಿನ ಬಗೆ ಸುಮಾರು ಮೂವತ್ತು ಅಷ್ಟೆ. ಅವವೇ ಎಂಟೆಂಟು, ಹದಿನಾರು, ಮೂವತ್ತೆರಡರ ಲೆಕ್ಕದಲ್ಲಿ ಮತ್ತೆ ಮತ್ತೆ ಬರುತ್ತವೆ. ಮನುಷ್ಯನ ರಂಧ್ರ ಇದರ ಎರಡು ಪಟ್ಟಿಗೂ ಹೆಚ್ಚು ತೂಕ, ನಕ್ಷೆ ಮಾತ್ರ ಅದೇ.

ಇಲ್ಲಿಗೆ ಕೋಟೆಯ ಹೋಲಿಕೆ ಮುಗಿಯಿತು, ಇನ್ನು ಎಳೆದರೆ ದಾರಿ ತಪ್ಪುತ್ತದೆ. ಕೋಟೆಗೆ ಕದ ಇರುತ್ತದೆ, ಕಾವಲುಗಾರ ಇರುತ್ತಾನೆ. ಈ ಬಾಗಿಲಿಗೆ ಎರಡೂ ಇಲ್ಲ. ಇರುವುದು ಶಾವಿಗೆ. ಒರಳಿನಿಂದ ಒತ್ತಿ ಬಿಟ್ಟ ಬಿಸಿ ಶಾವಿಗೆಯ ಹಾಗೆ, ಉಂಗುರದ ಒಳಗೋಡೆಯಿಂದ ಹೊರಟ ಪ್ರೋಟೀನ್ ಎಳೆಗಳು ಜೋಲಾಡುತ್ತ ನಡುದಾರಿಯನ್ನು ತುಂಬಿಕೊಂಡಿವೆ. ಈ ಎಳೆಗಳ ಉದ್ದಕ್ಕೂ ಫೀನೈಲ್‌ಅಲನೀನ್, ಗ್ಲೈಸೀನ್ ಎಂಬ ಎರಡು ಅಮೈನೋ ಆಮ್ಲಗಳು ಜೋಡಿಜೋಡಿಯಾಗಿ ಪುನರಾವರ್ತನೆಯಾಗುತ್ತವೆ. ಎಳೆಗಳಿಗೆ ಪರಸ್ಪರ ಅಂಟಿಕೊಳ್ಳುವ ಗುಣ. ಅಪರಿಚಿತ ದೊಡ್ಡ ಪ್ರೋಟೀನ್ ಬಂದರೆ ಈ ಗೋಜಲಿಗೆ ತಾಗಿ ಹಿಂದಕ್ಕೆ ಹೋಗುತ್ತದೆ. ಆದರೆ ಅದೇ ಎಳೆಗಳ ಜೊತೆ ಸಲುಗೆ ಬೆಳೆಸಬಲ್ಲ ಕೆಲವು ಪ್ರೋಟೀನ್‌ಗಳಿವೆ. ಅವು ಒಂದು ಎಳೆಗೆ ಅಂಟಿ, ಬಿಟ್ಟು, ಇನ್ನೊಂದಕ್ಕೆ ಅಂಟಿ, ಮಿಲಿಸೆಕೆಂಡುಗಳಲ್ಲಿ ಆಚೆ ಬದಿಗೆ ಬಂದಿರುತ್ತವೆ. ಈ ಗೋಜಲು ಜೆಲ್ಲಿಯಂತೆ ಗಟ್ಟಿಯೋ, ಬ್ರಷ್ಷಿನ ಕೂದಲಿನಂತೆ ಸಡಿಲವೋ ಎಂಬ ಜಗಳ ಇಪ್ಪತ್ತು ವರ್ಷ ದಾಟಿದರೂ ತಜ್ಞರಲ್ಲಿ ಮುಗಿದಿಲ್ಲ.

ಹಾಗಾದರೆ ಚೀಟಿ ಯಾವುದು? 1984ರಲ್ಲಿ ಇದಕ್ಕೆ ಎರಡು ಕಡೆಯಿಂದ ಉತ್ತರ ಬಂತು. ಇಂಗ್ಲೆಂಡಿನಲ್ಲಿ ಡೇನಿಯಲ್ ಕಾಲ್ಡೆರಾನ್, ಆಲನ್ ಸ್ಮಿತ್ ಮತ್ತು ಸಂಗಡಿಗರು ಎಸ್‌ವಿ40 ಎಂಬ ಮಂಗನ ವೈರಸ್ಸಿನ ಒಂದು ಪ್ರೋಟೀನಿನಲ್ಲಿ ಏಳು ಅಮೈನೋ ಆಮ್ಲಗಳ ಒಂದು ತುಣುಕನ್ನು ಗುರುತಿಸಿದರು: ಪ್ರೋಲೀನ್, ಸಾಲಾಗಿ ಮೂರು ಲೈಸೀನ್, ಆರ್ಜಿನೀನ್, ಮತ್ತೊಂದು ಲೈಸೀನ್, ವ್ಯಾಲೀನ್. ಇದರಲ್ಲಿ ಒಂದೇ ಒಂದು ಲೈಸೀನನ್ನು ಬದಲಿಸಿದರೂ ಸಾಕು, ಪ್ರೋಟೀನ್ ಹೊರಗೇ ಉಳಿಯಿತು. ಅದೇ ವರ್ಷ ಅಮೆರಿಕದಲ್ಲಿ ಮೈಕೆಲ್ ಹಾಲ್, ಐರಾ ಹರ್ಸ್ಕೊವಿಟ್ಜ್ ಅವರ ಜೊತೆ ಸೇರಿ ಯೀಸ್ಟಿನಲ್ಲಿ ಒಂದು ಕಿತಾಪತಿ ಮಾಡಿದರು. ಬ್ಯಾಕ್ಟೀರಿಯಾದ ಒಂದು ಭಾರೀ ಕಿಣ್ವ, ಕೋಶಕೇಂದ್ರ ಎಂದರೇನೆಂದೇ ಗೊತ್ತಿಲ್ಲದ್ದು. ಅದರ ತಲೆಗೆ ಯೀಸ್ಟಿನ ಒಂದು ಕೋಶಕೇಂದ್ರವಾಸಿ ಪ್ರೋಟೀನಿನ ತುಣುಕು ಅಂಟಿಸಿದರು. ಪರಊರಿನ ಕಿಣ್ವ ಸೀದಾ ಯೀಸ್ಟಿನ ಒಳಕೋಣೆಗೆ ಹೋಗಿ ಕೂತಿತು. ವಿಳಾಸ ಪ್ರೋಟೀನಿನ ಮೈಮೇಲೇ ಬರೆದಿರುತ್ತದೆ, ಅದನ್ನು ಕತ್ತರಿಸಿ ಬೇರೆಯವರಿಗೆ ಅಂಟಿಸಿದರೂ ನಡೆಯುತ್ತದೆ ಎಂಬುದು ಖಚಿತವಾಯಿತು.

ವಿಳಾಸ ಓದಿ ಹೊತ್ತೊಯ್ಯುವವರು ಬೇಕಲ್ಲ. ಯೀಸ್ಟಿನಲ್ಲಿ ಈ ಹಮಾಲಿ ಕೆಲಸಕ್ಕೆ ಒಂದು ಜೋಡಿ ಹೆಸರುವಾಸಿ: ಎಸ್‌ಆರ್‌ಪಿ1 ಮತ್ತು ಕೆಎಪಿ95. ಮೊದಲನೆಯದು ಲೈಸೀನ್ ತುಣುಕನ್ನು ಹಿಡಿಯುತ್ತದೆ. ಎರಡನೆಯದು ಮೊದಲನೆಯದನ್ನು ಹಿಡಿದು, ಶಾವಿಗೆಯ ಗೋಜಲಿನೊಳಗೆ ದಾರಿ ಮಾಡಿಕೊಂಡು ಹೋಗುತ್ತದೆ. ಕೆಎಪಿ95ರ ಬಳಗದಲ್ಲಿ ಯೀಸ್ಟಿಗೆ ಒಟ್ಟು ಹದಿನಾಲ್ಕು ಮಂದಿ. ಕೆಲವರು ಒಳಗೆ ಒಯ್ಯುವವರು, ಕೆಲವರು ಹೊರಗೆ ತರುವವರು. ಒಬ್ಬೊಬ್ಬರಿಗೆ ಒಂದೊಂದು ಬಗೆಯ ಸರಕು ರೂಢಿ.

ಇಲ್ಲಿ ಒಂದು ತೊಡಕಿದೆ, ಈ ಕಥೆಯಲ್ಲಿ ಎಲ್ಲಕ್ಕಿಂತ ಚೆಂದದ ತೊಡಕು. ಶಾವಿಗೆಯ ದಾರಿ ಎರಡೂ ಕಡೆಗೆ ಒಂದೇ ಥರ. ಒಳಗೆ ಹೋದ ಹಮಾಲಿ ಸರಕಿನ ಸಮೇತ ಹಾಗೇ ಹೊರಗೆ ಬಂದುಬಿಡಬಹುದು. ತಾನೀಗ ಒಳಗಿದ್ದೇನೆ, ಇಲ್ಲೇ ಇಳಿಸಬೇಕು ಎಂದು ಅದಕ್ಕೆ ತಿಳಿಯುವುದು ಹೇಗೆ?

ಕೋಶ ಇದಕ್ಕೆ ಒಂದು ಪುಟ್ಟ ಪ್ರೋಟೀನನ್ನು ಇಟ್ಟುಕೊಂಡಿದೆ. ಮನುಷ್ಯನಲ್ಲಿ ಅದರ ಹೆಸರು ರಾನ್, ಯೀಸ್ಟಿನಲ್ಲಿ ಜಿಎಸ್‌ಪಿ1. ಚಾರ್ಜ್ ಆಗುವ, ಇಳಿಯುವ ಬ್ಯಾಟರಿ ಸೆಲ್ಲಿನಂತೆ ಅದು. ಜಿಟಿಪಿ ಎಂಬ ಅಣುವನ್ನು ಹಿಡಿದಿದ್ದರೆ ಚಾರ್ಜ್ ಇದೆ ಎಂದರ್ಥ. ಜಿಡಿಪಿ ಹಿಡಿದಿದ್ದರೆ ಇಳಿದಿದೆ ಎಂದರ್ಥ. ಚಾರ್ಜರ್ ಇರುವುದು ಕೋಶಕೇಂದ್ರದ ಒಳಗೆ ಮಾತ್ರ, ಡಿಎನ್‌ಎಗೆ ಅಂಟಿಕೊಂಡು. ಚಾರ್ಜ್ ಇಳಿಸುವ ಆರ್‌ಎನ್‌ಎ1 ಎಂಬ ಪ್ರೋಟೀನ್ ಇರುವುದು ಹೊರಗೆ ಮಾತ್ರ. ಹೀಗಾಗಿ ಒಳಗಿರುವ ಸೆಲ್ಲುಗಳೆಲ್ಲ ತುಂಬಿದವು, ಹೊರಗಿನವೆಲ್ಲ ಖಾಲಿ. ಸರಕು ಹೊತ್ತ ಕೆಎಪಿ95ಗೆ ತುಂಬಿದ ಸೆಲ್ಲು ಎದುರಾಯಿತೆಂದರೆ ತಾನು ಒಳಗಿದ್ದೇನೆಂದು ಅರ್ಥ. ಸೆಲ್ಲನ್ನು ತಬ್ಬಿಕೊಂಡು ಸರಕನ್ನು ಕೈಬಿಡುತ್ತದೆ. ಆ ಸೆಲ್ಲಿನೊಂದಿಗೇ ಹೊರಗೆ ಬರುತ್ತದೆ. ಹೊರಗೆ ಆರ್‌ಎನ್‌ಎ1 ಅದರ ಚಾರ್ಜ್ ಇಳಿಸುತ್ತದೆ. ಹಮಾಲಿಯ ಕೈ ಖಾಲಿಯಾಗಿ ಇನ್ನೊಂದು ಹೊರೆಗೆ ಸಿದ್ಧ. ಬಾಗಿಲು ದಾಟಲು ಇಂಧನ ಬೇಡವೇ ಬೇಡ. ಖರ್ಚಾಗುವುದೆಲ್ಲ ದಿಕ್ಕು ತಪ್ಪದಂತೆ ನೋಡಿಕೊಳ್ಳುವುದಕ್ಕೆ.

ಈಗ ಆ ಚಾರ್ಜರ್‌ನ ಹೆಸರು. ಪಿಆರ್‌ಪಿ20. ಇದು ಪತ್ತೆಯಾದ ಕಥೆಯಲ್ಲಿ ಬೆಂಗಳೂರಿನ ಪಾಲೊಂದಿದೆ.

1980ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್‌ನಲ್ಲಿ ಜಾನ್ ಅಬೆಲ್ಸನ್ ಅವರ ಪ್ರಯೋಗಾಲಯ ಬೇರೊಂದು ಪ್ರಶ್ನೆಯ ಬೆನ್ನು ಹತ್ತಿತ್ತು. ಜೀನ್‌ನಿಂದ ತೆಗೆದ ಆರ್‌ಎನ್‌ಎ ನಕಲಿನಲ್ಲಿ ಬೇಡದ ತುಣುಕುಗಳಿರುತ್ತವೆ. ಅವನ್ನು ಕತ್ತರಿಸಿ ಉಳಿದದ್ದನ್ನು ಜೋಡಿಸುವ ಯಂತ್ರದ ಬಿಡಿಭಾಗಗಳು ಯಾವುವು? ಅಲ್ಲಿದ್ದ ಉಷಾ ವಿಜಯರಾಘವನ್ ಮತ್ತು ಜೊತೆಗಾರರು ಯೀಸ್ಟಿನಲ್ಲಿ ಹುಡುಕಾಟ ನಡೆಸಿದರು. ವಿಧಾನ ಸರಳ, ದುಡಿಮೆ ಅಪಾರ. ಕೋಣೆಯ ಉಷ್ಣತೆಯಲ್ಲಿ ಚೆನ್ನಾಗಿದ್ದು, 37 ಡಿಗ್ರಿಗೆ ಒಯ್ದರೆ ಕೈಕೊಡುವ ಯೀಸ್ಟ್ ತಳಿಗಳನ್ನು ಕೂಡಿಹಾಕುವುದು. ಒಂದೊಂದನ್ನೂ ಬಿಸಿಗೆ ಇಟ್ಟು, ಅದರ ಆರ್‌ಎನ್‌ಎ ತೆಗೆದು, ಕತ್ತರಿಸುವ ಕೆಲಸ ನಿಂತಿದೆಯೇ ಎಂದು ನೋಡುವುದು. ಹೀಗೆ ಸಿಕ್ಕ ತಳಿಗಳ ವಿವರ 1989ರಲ್ಲಿ ಪ್ರಕಟವಾಯಿತು. ಅವಕ್ಕೆ ಪಿಆರ್‌ಪಿ ಎಂದು ಹೆಸರಿಟ್ಟು ನಂಬರು ಕೊಡುತ್ತ ಹೋದರು.

ಅದರಲ್ಲಿ ಇಪ್ಪತ್ತನೆಯ ನಂಬರಿನದು ಮಾತ್ರ ಯಾವ ಲೆಕ್ಕಕ್ಕೂ ಸಿಗದ ತಳಿ. ಬಿಸಿಗೆ ಇಟ್ಟರೆ ಆರ್‌ಎನ್‌ಎ ವ್ಯವಹಾರವೂ ಕೆಡುತ್ತಿತ್ತು, ಕೋಶಕೇಂದ್ರದ ಆಕಾರವೂ ಕೆಡುತ್ತಿತ್ತು. 1990ರಲ್ಲಿ ಮಾರ್ಕುಸ್ ಏಬಿ, ಎಂ.ಡಬ್ಲ್ಯು. ಕ್ಲಾರ್ಕ್, ಉಷಾ ವಿಜಯರಾಘವನ್ ಮತ್ತು ಅಬೆಲ್ಸನ್ ಒಟ್ಟಾಗಿ ಬರೆದ ಪ್ರಬಂಧ, ಈ ಜೀನ್ ಮನುಷ್ಯನ ಆರ್‌ಸಿಸಿ1 ಎಂಬ ಜೀನ್‌ಗೆ ದಾಯಾದಿ ಎಂದು ತೋರಿಸಿತು. ಮರುವರ್ಷ ಜರ್ಮನಿಯಲ್ಲಿ ಬಿಷಾಫ್ ಮತ್ತು ಪಾನ್‌ಸ್ಟಿಂಗಲ್ ಎಂಬ ಇಬ್ಬರು, ಆರ್‌ಸಿಸಿ1 ಮಾಡುವ ಕೆಲಸವೇ ರಾನ್‌ಗೆ ಜಿಟಿಪಿ ತುಂಬುವುದು ಎಂದು ಕಂಡುಕೊಂಡರು. 1993ರಲ್ಲಿ ರಾನ್ ಇಲ್ಲದೆ ಕೋಶಕೇಂದ್ರಕ್ಕೆ ಪ್ರೋಟೀನ್ ಸಾಗುವುದಿಲ್ಲ ಎಂದು ನ್ಯೂಯಾರ್ಕಿನ ಗುಂಟರ್ ಬ್ಲೋಬೆಲ್ ಪ್ರಯೋಗಾಲಯವೂ ಇನ್ನೊಂದು ತಂಡವೂ ಸಾಬೀತು ಮಾಡಿದವು. ಆರ್‌ಎನ್‌ಎ ಕತ್ತರಿಯನ್ನು ಹುಡುಕ ಹೊರಟವರ ಕೈಗೆ ಸಿಕ್ಕಿದ್ದು ಬಾಗಿಲಿನ ಚಾರ್ಜರ್.

ಪಿಆರ್‌ಪಿ20 ಒಂದರದ್ದೇ ಇಂಥ ಕಥೆಯಲ್ಲ. ಅದೇ ಜೀನ್‌ಗೆ ಎಸ್‌ಆರ್‌ಎಂ1, ಎಂಟಿಆರ್1 ಎಂಬ ಇನ್ನೆರಡು ಹೆಸರುಗಳಿವೆ; ಯೀಸ್ಟ್ ಕೋಶಗಳ ಮಿಲನ ಓದುತ್ತಿದ್ದವರಿಗೆ ಒಮ್ಮೆ, ಆರ್‌ಎನ್‌ಎ ಹೊರಗೆ ಬರುವುದನ್ನು ಓದುತ್ತಿದ್ದವರಿಗೆ ಇನ್ನೊಮ್ಮೆ ಅದೇ ಸಿಕ್ಕಿತ್ತು. ಒಬ್ಬನೇ ಆಸಾಮಿ, ಮೂರು ರೇಷನ್ ಕಾರ್ಡು. ಹಮಾಲಿ ಎಸ್‌ಆರ್‌ಪಿ1 ಕೂಡ ಆರ್‌ಎನ್‌ಎ ಪಾಲಿಮರೇಸ್ ಅಧ್ಯಯನದಲ್ಲಿ ಅಡ್ಡದಾರಿಯಲ್ಲಿ ಸಿಕ್ಕಿದ್ದು, ಹೆಸರು ಇಂದಿಗೂ ಅದನ್ನೇ ಹೇಳುತ್ತದೆ. ಹೀಗೆ ಬೇರೇನನ್ನೋ ಹುಡುಕುತ್ತಿದ್ದವರೂ ಯೀಸ್ಟಿನಲ್ಲಿ ಬಾಗಿಲಿನ ವ್ಯವಸ್ಥೆಯ ಕೆಲವು ಭಾಗಗಳನ್ನು ಎಡವಿ ಕಂಡರು. ಉಷಾ ವಿಜಯರಾಘವನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಅಲ್ಲಿನ ಸೂಕ್ಷ್ಮಜೀವಿ ಮತ್ತು ಕೋಶ ಜೀವವಿಜ್ಞಾನ ವಿಭಾಗದಲ್ಲಿ ಯೀಸ್ಟಿನ ಆರ್‌ಎನ್‌ಎ ಜೊತೆಗೆ ಭತ್ತದ ಹೂವಿನ ಬೆಳವಣಿಗೆಯನ್ನೂ ಕೈಗೆತ್ತಿಕೊಂಡರು.

ಈ ಬಾಗಿಲುಗಳಲ್ಲಿ ಎಷ್ಟು ಓಡಾಟ ಇದ್ದೀತು? ನ್ಯೂಯಾರ್ಕಿನ ಜೋನಾಥನ್ ವಾರ್ನರ್ 1999ರಲ್ಲಿ ಕೂತು ಲೆಕ್ಕ ಹಾಕಿದರು. ಚೆನ್ನಾಗಿ ಬೆಳೆಯುತ್ತಿರುವ ಒಂದು ಯೀಸ್ಟ್ ಕೋಶ ನಿಮಿಷಕ್ಕೆ ಎರಡು ಸಾವಿರ ಹೊಸ ರೈಬೋಸೋಮ್ ಕಟ್ಟುತ್ತದೆ. ಕಟ್ಟುವ ಜಾಗ ಕೋಶಕೇಂದ್ರ. ಒಂದೊಂದಕ್ಕೂ ಬೇಕಾದ ಎಪ್ಪತ್ತೊಂಬತ್ತು ಪ್ರೋಟೀನ್‌ಗಳು ಹೊರಗಿನಿಂದ ಬರಬೇಕು. ಕಟ್ಟಿದ ಮೇಲೆ ಎರಡು ಭಾಗವಾಗಿ ಮತ್ತೆ ಹೊರಗೆ ಹೋಗಬೇಕು. ನೂರೈವತ್ತು ಬಾಗಿಲೆಂದು ಹಿಡಿದರೂ ಒಂದೊಂದು ಬಾಗಿಲಲ್ಲಿ ನಿಮಿಷಕ್ಕೆ ಸುಮಾರು ಸಾವಿರ ರೈಬೋಸೋಮ್ ಪ್ರೋಟೀನ್ ಒಳಕ್ಕೆ, ಇಪ್ಪತ್ತೈದಕ್ಕೂ ಹೆಚ್ಚು ರೈಬೋಸೋಮ್ ಭಾಗಗಳು ಹೊರಕ್ಕೆ. ಇದು ರೈಬೋಸೋಮಿನ ಲೆಕ್ಕ ಮಾತ್ರ.

ಬೇಕರಿಯ ಹಿಟ್ಟಿಗೆ ವಾಪಸು ಬರೋಣ. ಅಲ್ಲಿ ಇದೇ ಬಾಗಿಲು ಹಿಟ್ಟಿನ ಉಬ್ಬನ್ನೇ ಹಿಡಿತದಲ್ಲಿ ಇಟ್ಟುಕೊಂಡಿದೆ. ಯೀಸ್ಟಿಗೆ ಎಲ್ಲಕ್ಕಿಂತ ಇಷ್ಟ ಗ್ಲೂಕೋಸ್. ಗ್ಲೂಕೋಸ್ ಸಿಕ್ಕ ಕೆಲವೇ ನಿಮಿಷಗಳಲ್ಲಿ ಎಂಐಜಿ1 ಎಂಬ ಪ್ರೋಟೀನ್ ಕೋಶಕೇಂದ್ರದ ಒಳಗೆ ಹೋಗಿ, ಬೇರೆ ಸಕ್ಕರೆಗಳನ್ನು ಒಡೆಯುವ ಜೀನ್‌ಗಳ ಬಾಯಿ ಮುಚ್ಚಿಸುತ್ತದೆ. ಹಬ್ಬದೂಟ ಇರುವಾಗ ತಂಗಳು ಯಾಕೆ ಎಂಬ ಧೋರಣೆ. ಹಿಟ್ಟಿನಲ್ಲಿ ಮೊದಲ ಸುತ್ತಿನ ಸಕ್ಕರೆ ತೀರುತ್ತ ಬಂದಾಗ, ಎಸ್‌ಎನ್‌ಎಫ್1 ಎಂಬ ಕಿಣ್ವ ಎಂಐಜಿ1ರ ಮೇಲೆ ಫಾಸ್ಫೇಟಿನ ಮುದ್ರೆ ಒತ್ತುತ್ತದೆ. ಮುದ್ರೆ ಬಿದ್ದದ್ದನ್ನು ಎಂಎಸ್‌ಎನ್5 ಎಂಬ ಹಮಾಲಿ ಹಿಡಿದು ಹೊರಗೆ ಹಾಕುತ್ತದೆ. ಆಮೇಲೆ ಮಾಲ್ಟೋಸ್ ತಿನ್ನುವ ಜೀನ್‌ಗಳು ಏಳುತ್ತವೆ. ಮೈದಾದ ಪಿಷ್ಟ ಒಡೆದು ಬಂದ ಸಕ್ಕರೆ ಅದೇ. ಸಕ್ಕರೆ ಕಡಿಮೆ ಹಾಕಿದ ಹಿಟ್ಟು ಮೊದಲು ಚುರುಕಾಗಿ ಉಬ್ಬಿ, ನಡುವೆ ಒಂದಿಷ್ಟು ಹೊತ್ತು ಮಂಕಾಗಿ, ಮತ್ತೆ ಎದ್ದು ಕೂರುವುದನ್ನು ಬೇಕರಿಯವರು ಬಲ್ಲರು. ಆ ಮಂಕಿನ ಹೊತ್ತಿನಲ್ಲಿ ಒಳಗೆ ಆಗುತ್ತಿರುವುದು ಮಾಲ್ಟೋಸಿಗೆ ಬೇಕಾದ ಈ ಸಿದ್ಧತೆ. ಯೀಸ್ಟ್ ತಯಾರಿಸುವ ಕಂಪನಿಗಳು ಈ ತಡ ಕಡಿಮೆ ಇರುವ ತಳಿಗಳನ್ನೇ ಹುಡುಕಿ ಬೆಳೆಸುತ್ತವೆ.

ಗಮನಿಸಬೇಕಾದ್ದು, ಇಲ್ಲಿ ಎಂಐಜಿ1 ಹೊಸದಾಗಿ ಹುಟ್ಟಲೂ ಇಲ್ಲ, ಸಾಯಲೂ ಇಲ್ಲ. ಹೊಸ್ತಿಲಿನ ಯಾವ ಬದಿಗೆ ನಿಂತಿದೆ ಎಂಬುದಷ್ಟೇ ಬದಲಾಯಿತು. ಹೊಸ ಪ್ರೋಟೀನ್ ತಯಾರಿಸಿ ಸುದ್ದಿ ಮುಟ್ಟಿಸುವುದಕ್ಕಿಂತ ಇದು ಎಷ್ಟೋ ಬೇಗ. ಯೀಸ್ಟ್ ಈ ಉಪಾಯವನ್ನು ಮತ್ತೆ ಮತ್ತೆ ಬಳಸುತ್ತದೆ: ಫಾಸ್ಫೇಟಿನ ಬರ ಬಂದರೆ ಪಿಎಚ್‌ಒ4 ಒಳಗೆ, ಕ್ಯಾಲ್ಸಿಯಂ ಏರಿದರೆ ಸಿಆರ್‌ಝಡ್1 ಒಳಗೆ.

ಇದೇ ಉಪಾಯ ಔಷಧ ಕಾರ್ಖಾನೆಯಲ್ಲೂ ದುಡಿಯುತ್ತಿದೆ. ಅದಕ್ಕೆ ಬೇರೆ ಯೀಸ್ಟ್, ಪಿಚಿಯಾ ಪಾಸ್ಟೋರಿಸ್. ಬ್ರೆಡ್ಡಿನ ಯೀಸ್ಟಿಗೆ ಸಕ್ಕರೆ ಹೇಗೋ, ಪಿಚಿಯಾಕ್ಕೆ ಮೆಥನಾಲ್ ಹಾಗೆ. ಮನುಷ್ಯನ ಕಣ್ಣು ಕಳೆಯುವ, ಜೀವ ತೆಗೆಯುವ ಆ ಮದ್ಯಸಾರವನ್ನು ಇದು ಉಂಡು ಬೆಳೆಯಬಲ್ಲದು. 1970ರ ದಶಕದಲ್ಲಿ ಫಿಲಿಪ್ಸ್ ಎಂಬ ಅಮೆರಿಕನ್ ತೈಲ ಕಂಪನಿ ಮೆಥನಾಲಿನಿಂದ ದನಕರುಗಳ ಮೇವು ತಯಾರಿಸಲು ಈ ಯೀಸ್ಟನ್ನು ಪಳಗಿಸಿತು. ಎಣ್ಣೆಯ ಬೆಲೆ ಏರಿ ಆ ಲೆಕ್ಕ ಕೈಕೊಟ್ಟಿತು, ಯೀಸ್ಟು ಉಳಿಯಿತು. ಮೆಥನಾಲ್ ಸಿಕ್ಕೊಡನೆ ಅದು ಆಲ್ಕೊಹಾಲ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಎಡೆಬಿಡದೆ ತಯಾರಿಸುತ್ತದೆ. ಕೋಶದಲ್ಲಿ ಕರಗಿರುವ ಪ್ರೋಟೀನಿನ ಶೇ. 30ರಷ್ಟು ಅದೊಂದೇ ಆಗುವುದುಂಟು. ಆ ಜೀನ್‌ನ ಸ್ವಿಚ್ಚಿಗೆ ಔಷಧದ ಜೀನ್ ಜೋಡಿಸಿದರೆ ಕಿಣ್ವದ ಬದಲು ಔಷಧ ಬರುತ್ತದೆ.

ಆ ಸ್ವಿಚ್ ಒತ್ತುವ ಪ್ರೋಟೀನ್ ಎಂಎಕ್ಸ್‌ಆರ್1. 1155 ಅಮೈನೋ ಆಮ್ಲಗಳ ಉದ್ದನೆಯ ಆಸಾಮಿ. ಚೀಟಿಯಿಲ್ಲದೆ ನುಸುಳುವ ಮಾತೇ ಇಲ್ಲ. ಗ್ಲೂಕೋಸ್ ಕೊಟ್ಟಾಗ ಕೋಶರಸದಲ್ಲೇ ಕೂತಿರುತ್ತದೆ. ಮೆಥನಾಲ್ ಕೊಟ್ಟಾಗ ಕೋಶಕೇಂದ್ರಕ್ಕೆ ಹೋಗುತ್ತದೆ. ಇದು 2006ರಲ್ಲಿ ಅಮೆರಿಕದಲ್ಲಿ ಗೊತ್ತಾಯಿತು. ಅಲ್ಲಿಂದ ಮುಂದಿನ ಕೆಲಸದಲ್ಲಿ ದೊಡ್ಡ ಪಾಲು ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದ ಪಿ.ಎನ್. ರಂಗರಾಜನ್ ಅವರ ತಂಡ, ಎಂಎಕ್ಸ್‌ಆರ್1 ಡಿಎನ್‌ಎ ಮೇಲೆ ಯಾವ ಅಕ್ಷರಗಳನ್ನು ಗುರುತು ಹಿಡಿದು ಕೂರುತ್ತದೆ ಎಂಬುದನ್ನು 2009ರಲ್ಲಿ ಬಿಡಿಸಿ ತೋರಿಸಿತು. 2021ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ಉದ್ದನೆಯ ಪ್ರೋಟೀನಿನ ಜೀನ್ ಎಬ್ಬಿಸುವ ಗುಣವನ್ನೂ ಅದನ್ನು ಕೋಶಕೇಂದ್ರಕ್ಕೆ ಸೇರಿಸುವ ಗುಣವನ್ನೂ ಪರಿಶೀಲಿಸಿದ ಪ್ರಬಂಧ ಪ್ರಕಟಿಸಿತು.

ಇದೆಲ್ಲ ಪ್ರಯೋಗಾಲಯದವರ ಕಸುಬು ಎಂದು ತಳ್ಳಿಹಾಕುವಂತಿಲ್ಲ. ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ 'ಇನ್ಸುಜೆನ್' ಇನ್ಸುಲಿನ್ ತಯಾರಾಗುವುದು ಪಿಚಿಯಾ ಯೀಸ್ಟಿನಲ್ಲಿ. ಕಂಪನಿಯನ್ನು 1978ರಲ್ಲಿ ಆರಂಭಿಸಿದ ಕಿರಣ್ ಮಜುಂದಾರ್ ಷಾ ಓದಿದ್ದು ಬಿಯರ್ ತಯಾರಿಕೆ, ಅಂದರೆ ಮತ್ತದೇ ಯೀಸ್ಟಿನ ವಿದ್ಯೆ. ಹೈದರಾಬಾದಿನ ಶಾಂತಾ ಬಯೋಟೆಕ್ಕಿನ ಹೆಪಟೈಟಿಸ್-ಬಿ ಲಸಿಕೆಯೂ ಪಿಚಿಯಾದ್ದೇ. ಸಕ್ಕರೆ ಕಾಯಿಲೆಗೆ ಸೂಜಿ ಚುಚ್ಚಿಸಿಕೊಳ್ಳುವ ಮನೆ ಇಲ್ಲದ ಊರು ಈಗ ಹಾಸನ ಜಿಲ್ಲೆಯಲ್ಲಿ ಸಿಗುವುದು ಕಷ್ಟ.

ಮನುಷ್ಯನ ಕೋಶಕ್ಕೂ ಯೀಸ್ಟಿಗೂ ಒಂದು ಮುಖ್ಯ ಭೇದ ಇದೆ. ಮನುಷ್ಯನ ಕೋಶ ಒಡೆದು ಎರಡಾಗುವಾಗ ಕೋಶಕೇಂದ್ರದ ಗೋಡೆಯನ್ನೇ ಕಿತ್ತುಹಾಕಿ, ಆಮೇಲೆ ಮತ್ತೆ ಕಟ್ಟಿಕೊಳ್ಳುತ್ತದೆ. ಬ್ರೆಡ್ಡಿನ ಯೀಸ್ಟು ಗೋಡೆ ಒಡೆಯುವುದೇ ಇಲ್ಲ. ಇಡೀ ಬಾಳುವೆ ಬಾಗಿಲಲ್ಲೇ ಸಾಗಬೇಕು. ಎಚ್‌ಐವಿ ಇರುವವರಿಗೆ ಮೆದುಳು ಜ್ವರ ತರುವ ಕ್ರಿಪ್ಟೋಕಾಕಸ್ ಎಂಬ ಯೀಸ್ಟ್ ಇವೆರಡರ ನಡುವಿನದು. ವಿಭಜನೆಯ ಹೊತ್ತಿಗೆ ಗೋಡೆಯನ್ನು ಅರ್ಧ ತೆರೆದುಕೊಳ್ಳುತ್ತದೆ. ಈ ಯೀಸ್ಟಿನ ಕೋಶವಿಭಜನೆಯನ್ನು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೌಸ್ತುವ್ ಸನ್ಯಾಲ್ ಅವರ ಗುಂಪು ಅಧ್ಯಯನ ಮಾಡಿ, ಹೊರದೇಶದ ಸಹಯೋಗಿಗಳೊಡನೆ 2013ರಲ್ಲಿ ವರದಿ ಮಾಡಿತು.

ಯೀಸ್ಟಿನಿಂದ ಶುರುವಾಗಿ ಆಸ್ಪತ್ರೆಗೆ ಬಂದ ಉದಾಹರಣೆಯೂ ಇದೆ. ಸಿಆರ್‌ಎಂ1 ಎಂಬ ಹೊರಸಾಗಿಸುವ ಹಮಾಲಿ ಮೊದಲು ಕಂಡದ್ದು ಇನ್ನೊಂದು ಬಗೆಯ ಯೀಸ್ಟಿನಲ್ಲಿ, 1989ರಲ್ಲಿ, ಜಪಾನಿನಲ್ಲಿ. ಕ್ಯಾನ್ಸರ್ ಕೋಶಗಳು ತಮ್ಮನ್ನು ಹದ್ದುಬಸ್ತಿನಲ್ಲಿಡುವ ಪ್ರೋಟೀನ್‌ಗಳನ್ನು ಇದೇ ಹಮಾಲಿಯ ಕೈಯಲ್ಲಿ ಕೋಶಕೇಂದ್ರದಿಂದ ಆಚೆ ಹಾಕಿಸುತ್ತವೆ. ಅದರ ಕೈ ಕಟ್ಟುವ ಸೆಲಿನೆಕ್ಸಾರ್ ಎಂಬ ಮಾತ್ರೆಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರಿಗೆ.

ಭಟ್ಟಿಗೆ ಹೋದ ಬ್ರೆಡ್ಡಿನ ಒಳಗಿನ ಬಿಸಿ 55-60 ಡಿಗ್ರಿ ದಾಟಿದೊಡನೆ ಯೀಸ್ಟ್ ಸಾಯುತ್ತದೆ, ಅದರೊಡನೆ ಬಾಗಿಲುಗಳೂ. ಜೀವಂತ ಯೀಸ್ಟನ್ನು ನೋಡುವ ಆಸೆ ಇರುವವರಿಗೆ ಒಂದು ಮಾತು. ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ, ಸಾಮಾನ್ಯವಾಗಿ ಫೆಬ್ರವರಿ ಕೊನೆ ಅಥವಾ ಮಾರ್ಚ್ ತಿಂಗಳಲ್ಲಿ, ಪ್ರಯೋಗಾಲಯಗಳನ್ನು ಜನರಿಗೆ ತೆರೆದಿಡುತ್ತದೆ. ಪ್ರವೇಶಕ್ಕೆ ಕಾಸಿಲ್ಲ. ಹಾಸನದಿಂದ ಚನ್ನರಾಯಪಟ್ಟಣ, ಶ್ರವಣಬೆಳಗೊಳದ ಮೇಲೆ ಹೋಗುವ ಬೆಳಗಿನ ರೈಲು ಯಶವಂತಪುರಕ್ಕೆ ಬಿಡುತ್ತದೆ, ಸಂಸ್ಥೆ ಅಲ್ಲಿಂದ ಆಟೋದಲ್ಲಿ ಹತ್ತು ನಿಮಿಷದ ಹಾದಿ. ಹೈಸ್ಕೂಲಿನ ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ. ಸೂಕ್ಷ್ಮದರ್ಶಕದ ಮುಂದಿನ ಸಾಲು ಉದ್ದ ಇರುತ್ತದೆ, ಬೇಗ ಹೋದರೆ ಒಳ್ಳೆಯದು.